ಮಾದರಿ ಉತ್ತರದ ನಾಲ್ಕನೇ ಸಾಲು

ನೌಸೋರಿಯ ನಮ್ಮ ತಾಂತ್ರಿಕ ಶಾಲೆಯಲ್ಲಿ ವಸೀತಿ ನೌಲು ಒಂಬತ್ತು ವರ್ಷ ಕಂಪ್ಯೂಟರಿನ ಜಾವಾ ಭಾಷೆ ಕಲಿಸಿದಳು. ಅದಕ್ಕೂ ಮೊದಲು ಕೋರೋ ದ್ವೀಪಕ್ಕೆ ಹೋಗುವ ಹಡಗಿನ ಟಿಕೆಟ್ ಕಿಟಕಿಯಲ್ಲಿ ಕೂತಿದ್ದವಳು. ಅದೇ ಶಾಲೆಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದ ನನ್ನನ್ನು ಭಯ್ಯಾ ಎನ್ನುತ್ತಿದ್ದಳು. ದಪ್ಪ ದನಿಯ ಹೆಂಗಸು, ಕಿವಿಯ ಹಿಂದೆ ಸದಾ ಒಂದು ಕೆಂಪು ಪೆನ್ನು. ಕಾಟಾಚಾರದ ಉತ್ತರ ಕಂಡರೆ ಕೊಳೆತ ಮೀನು ಮೂಸಿದವಳ ಹಾಗೆ ಮುಖ ಹಿಂಡುತ್ತಿದ್ದಳು.

ಹೊಸ ಮಕ್ಕಳಿಗೆ ಅವಳು ಹೇಳುತ್ತಿದ್ದ ಪಾಠ ನನಗೂ ಬಾಯಿಪಾಠವಾಗಿತ್ತು.

"ಮೆಥಡ್ ಅಂದ್ರೆ ನೀವು ಇಟ್ಕೊಂಡ ಆಳು. ಹಡಗಲ್ಲಿ ಜಾಗ ಇದೆಯಾ ನೋಡ್ಕೊಂಡು ಬಾ ಅಂದ್ರೆ, ಹೋಗಿ ಎಣಿಸಿ ಬಂದು ಎರಡೇ ಮಾತಲ್ಲಿ ಒಂದು ಹೇಳ್ತಾನೆ: ನಿಜ, ಇಲ್ಲಾ ಸುಳ್ಳು. ಅದೇ ಬೂಲಿಯನ್. ಆ ಮಾತನ್ನ ಇಫ್ ಅನ್ನೋ ಷರತ್ತಿನೊಳಗೆ ಹಿಡ್ಕೊಳ್ಳಿ. ನಿಜ ಅಂದ್ರೆ ಟಿಕೆಟ್ ಕೊಡಿ, ಸುಳ್ಳು ಅಂದ್ರೆ ವಾಪಸ್ ಕಳ್ಸಿ. ಕಿವಿಗೇ ಹಾಕ್ಕೊಳ್ಳದೆ ಟಿಕೆಟ್ ಹರಿದು ಕೊಡೋದಾದ್ರೆ ಆ ಬಡಪಾಯಿನ ಯಾಕ್ರೋ ಓಡಿಸಿದ್ರಿ?"

ಒಂದು ವರ್ಷದ ಕೊನೆಯ ಪರೀಕ್ಷೆಗೆ ವಿಭಾಗದ ಮುಖ್ಯಸ್ಥ ಅಪೊಲೋಸಿ ತಾನೇ ಪ್ರಶ್ನೆ ಬರೆದ, ತಾನೇ ಮಾದರಿ ಉತ್ತರವನ್ನೂ ಬರೆದ. ಪ್ರಶ್ನೆ ಹಡಗಿನದೇ. ಉತ್ತರದ ನಾಲ್ಕನೇ ಸಾಲಿನಲ್ಲಿ ಜಾಗವಿದೆಯೇ ಎಂದು ಮೆಥಡನ್ನು ಕೇಳಿದ್ದ. ಐದನೇ ಸಾಲಿನಲ್ಲಿ 'ಟಿಕೆಟ್ ಕೊಡಲಾಗಿದೆ' ಎಂದು ಅಚ್ಚು ಹಾಕಿಸಿದ್ದ. ನಡುವೆ ಇಫ್ ಇರಲಿಲ್ಲ. ಮೆಥಡ್ ಕೊಟ್ಟ ಉತ್ತರವನ್ನು ಕೇಳುವವರೇ ಇರಲಿಲ್ಲ. ಜಾವಾ ಅದನ್ನು ತಪ್ಪೆನ್ನುವುದಿಲ್ಲ, ಸುಮ್ಮನೆ ನಡೆಸಿಬಿಡುತ್ತದೆ.

ವಸೀತಿ ಹಾಳೆ ಹಿಡಿದು ಅವನ ಕೋಣೆಗೆ ಹೋದಳು. ನಾನು ಅಲ್ಲೇ ಪ್ರಿಂಟರ್ ಬಿಚ್ಚಿಕೊಂಡು ಕೂತಿದ್ದೆ.

"ಓಡುತ್ತಲ್ಲ ಮೇಡಂ?" ಎಂದ ಅವನು, ಬಿಸ್ಕತ್ತನ್ನು ಚಹಾದಲ್ಲಿ ಅದ್ದುತ್ತ.

"ಓಡುತ್ತೆ ಸರ್. ಎಲ್ಲಿಗೆ ಓಡುತ್ತೆ ಅಂತ ನೋಡಿದ್ರಾ?"

"ಮಕ್ಕಳು ಪಾಸಾಗ್ಲಿ ಬಿಡಿ. ರಿವಿಷನ್ ಕ್ಲಾಸಲ್ಲಿ ನಾನೇ ಇದನ್ನ ಬರೆಸಿದ್ದೀನಿ."

ಪರೀಕ್ಷೆಗೆ ಮೊದಲೇ ಉತ್ತರ ಬರೆಸಿದ್ದ! ಹೆಬ್ಬೆರಳು ನೆಕ್ಕಿ ಹಾಳೆ ತಿರುಗಿಸಿ ಅವಳತ್ತ ಚಾಚಿದ. ಅವಳು ಅದರ ಮೂಲೆಯನ್ನಷ್ಟೇ ಎರಡು ಬೆರಳಿನಲ್ಲಿ ಹಿಡಿದುಕೊಂಡು ಹೊರಬಂದಳು.

ಮೂವತ್ತೆಂಟು ಉತ್ತರಪತ್ರಿಕೆಗಳಲ್ಲಿ ಮೂವತ್ತೊಂದು ಒಂದೇ ಅಚ್ಚು. ಅವನ ಕಾಗುಣಿತದ ತಪ್ಪೂ ಹಾಗೆಯೇ ಇಳಿದಿತ್ತು. ನಾಲ್ವರು ಖಾಲಿ ಹಾಳೆ ಕೊಟ್ಟಿದ್ದರು. ಉಳಿದ ಮೂವರು ಮಾತ್ರ ಇಫ್ ಹಾಕಿ ಸರಿಯಾಗಿ ಬರೆದಿದ್ದರು. ಮಾದರಿಗೆ ಹೊಂದುವುದಿಲ್ಲವೆಂದು ಅಪೊಲೋಸಿ ಆ ಮೂವರಿಗೂ ಸೊನ್ನೆ ಹಾಕಿದ. ಅವರಲ್ಲಿ ಕೆಲೆರಾ ಒಬ್ಬಳು. ನಸುಕಿಗೇ ಎದ್ದು ಬೇಕರಿಯಲ್ಲಿ ಹಿಟ್ಟು ನಾದಿ ಆಮೇಲೆ ತರಗತಿಗೆ ಬರುವ ಹುಡುಗಿ.

"ಮಿಸ್, ಎಲ್ಲಿ ತಪ್ಪಿದೆ ನಾನು?" ಎಂದು ಅವಳು ವಸೀತಿಯನ್ನು ಕೇಳಿದಳು.

"ನೀನಲ್ಲ ಕಣಮ್ಮ ತಪ್ಪಿದ್ದು. ಬಾ ನನ್ನ ಜೊತೆ."

ಇಡೀ ತರಗತಿಯನ್ನೂ ಅಪೊಲೋಸಿಯನ್ನೂ ಲ್ಯಾಬಿಗೆ ಕರೆಸಿ, ಮಾದರಿ ಉತ್ತರವನ್ನು ದೊಡ್ಡ ಪರದೆಯ ಮೇಲೆ ಓಡಿಸಿದಳು. ನಲವತ್ತು ಸೀಟು, ಹನ್ನೆರಡು ಜನ: ಟಿಕೆಟ್ ಕೊಡಲಾಗಿದೆ. ನಲವತ್ತು ಸೀಟು, ನಲವತ್ತು ಜನ: ಟಿಕೆಟ್ ಕೊಡಲಾಗಿದೆ. ಆಮೇಲೆ ನಾಲ್ಕು ಸಾವಿರ ಜನ ಎಂದು ಹಾಕಿದಳು. ಟಿಕೆಟ್ ಕೊಡಲಾಗಿದೆ.

"ಇದು ಹಡಗಲ್ಲ ಸರ್, ಜಲಾಂತರ್ಗಾಮಿ!" ಎಂದು ಹಿಂದಿನಿಂದ ಯಾರೋ ಕೂಗಿದರು. ಲ್ಯಾಬೆಲ್ಲ ನಕ್ಕಿತು. ಅಪೊಲೋಸಿಯೂ ಹೊಟ್ಟೆ ಹಿಡಿದು ನಕ್ಕ.

"ಒಳ್ಳೇ ತಮಾಷೆ ಮೇಡಂ. ಆದ್ರೆ ಅಂಕ ಬದಲಾಗಲ್ಲ," ಎಂದು ಕಣ್ಣೊರೆಸಿಕೊಂಡು ಹೋದ.

ಅವನು ರೇಗಿದ್ದರೂ ಆಗುತ್ತಿತ್ತು ಎಂದು ವಸೀತಿ ಆಮೇಲೆ ನನಗೆ ಹೇಳಿದಳು. "ತಪ್ಪು ಅಂತ ಗೊತ್ತಾಗಿ ನಕ್ಕನಲ್ಲ ಭಯ್ಯಾ, ಥೂ! ನಂಗೆ ವಾಕರಿಕೆ ಬಂತು." ಆ ದಿನ ಅವಳು ಊಟದ ಡಬ್ಬಿ ತೆರೆಯಲೇ ಇಲ್ಲ.

ಅಂಕಪಟ್ಟಿಗೆ ಅವಳು ಸಹಿ ಹಾಕಲಿಲ್ಲ. ಬೇರೆ ಯಾರೋ ಹಾಕಿದರು. ಪರೀಕ್ಷಾ ಮಂಡಳಿಗೆ ಪತ್ರ ಬರೆದಳು. ಏಳು ವಾರದ ಮೇಲೆ ಉತ್ತರ ಬಂತು: ಆ ಮೂವರಿಗೆ ಪೂರ್ತಿ ಅಂಕ, ಉಳಿದವರ ಫಲಿತಾಂಶ ಇದ್ದ ಹಾಗೆಯೇ. ಪರೀಕ್ಷೆಗೆ ಮೊದಲೇ ಉತ್ತರ ಬರೆಸಿದ್ದರ ಬಗ್ಗೆ ಒಂದಕ್ಷರವೂ ಇರಲಿಲ್ಲ. ಮುಂದಿನ ವರ್ಷ ವಸೀತಿಯನ್ನು ಟೈಪಿಂಗ್ ತರಗತಿಗೆ ಹಾಕಿದರು. ಒಂದು ವಾರ ಹೋಗಿ ಕೆಲಸ ಬಿಟ್ಟಳು.

ಈಗ ಶನಿವಾರ ಮನೆಯ ಜಗಲಿಯಲ್ಲಿ ಐದಾರು ಜನಕ್ಕೆ ಪಾಠ ಹೇಳುತ್ತಾಳೆ. ನಾನು ರಿಪೇರಿ ಮಾಡಿಕೊಟ್ಟ ಎರಡು ಹಳೆಯ ಯಂತ್ರಗಳಿವೆ. ಕೆಲೆರಾ ತೆಂಗಿನ ಹಾಲಿನ ಬನ್ ಹೊತ್ತು ತರುತ್ತಾಳೆ. ಆ ಮೂವತ್ತೊಂದು ಜನರಲ್ಲಿ ಒಬ್ಬನೂ ಇತ್ತ ಹಾಯ್ದಿಲ್ಲ.

ಮೊನ್ನೆ ಚರ್ಚಿನ ಅಂಗಳದಲ್ಲಿ ಅಪೊಲೋಸಿ ವಸೀತಿಗೆ ಎದುರಾಗಿ, ನಗುತ್ತ ಕೈ ಚಾಚಿದ.

"ನನ್ನ ಕೈ ಕೊಳೆಯಾಗಿದೆ ಸರ್," ಎಂದಳು. ಆಗಷ್ಟೇ ನಲ್ಲಿಯಲ್ಲಿ ತೊಳೆದುಕೊಂಡು ಬಂದಿದ್ದಳು.