ನಕ್ಷೆಯಲ್ಲಿಲ್ಲದ ಬಂಡೆ

ಗಾಳ ಹಾಕಿ ಮೀನು ಹಿಡಿಯುವ ಅವನನ್ನು ನಮ್ಮ ಬಂದರಿನಲ್ಲಿ ಎಲ್ಲರೂ ಗುಮ್ಮ ಎನ್ನುತ್ತಿದ್ದರು. ದೊಡ್ಡ ಮೀನು ಎಲ್ಲಿ ಸಿಗುತ್ತದೆಂದು ಅವನ ಬಾಯಿ ಬಿಡಿಸಿದವರೇ ಇಲ್ಲ. ನೀರಿನಡಿ ಒಂದು ಬಂಡೆ, ಅವನಪ್ಪ ತೋರಿಸಿಕೊಟ್ಟದ್ದು. ಯಾರಾದರೂ ಹಿಂದೆ ಬಿದ್ದರೆ ದೋಣಿ ತಿರುಗಿಸಿ, ಖಾಲಿ ನೀರಿಗೆ ಗಾಳ ಬಿಟ್ಟು ಮಧ್ಯಾಹ್ನದವರೆಗೂ ಕೂರುತ್ತಿದ್ದ. ದೋಣಿಯಲ್ಲಿ ಜೊತೆಗಿರುವ ಮಗಳಿಗಷ್ಟೇ ಗುಟ್ಟು ಗೊತ್ತು.

ಎರಡು ವರ್ಷದ ಹಿಂದೆ ಸರ್ಕಾರದವರು, ಎಲ್ಲಿ ಮೀನು ಹಿಡಿಯುತ್ತೀರಿ ಗುರುತು ಹಾಕಿ ಎಂದು ಬಂದಾಗ ನಾವೆಲ್ಲ ಕತ್ತೆ ಕೆಲಸ ಮಾಡಿದ್ದೆವು. ಹಿಂದೊಮ್ಮೆ ಮುಷ್ಕರದಲ್ಲಿ ಬಂದರಿನ ಗೇಟಿಗೆ ಅಡ್ಡ ಮಲಗಿ ಒಟ್ಟಿಗೆ ಲಾಠಿ ತಿಂದವರೇ, ಪಕ್ಕದವನು ನೋಡಿಬಿಟ್ಟಾನೆಂದು ಒಬ್ಬೊಬ್ಬರೂ ಸುಳ್ಳು ಜಾಗ ತೋರಿಸಿದ್ದೆವು.

ಈಗ ಕಡಲನ್ನು ಯಾರ್ಯಾರಿಗೆ ಎಷ್ಟೆಂದು ಹಂಚುವ ಕರಡು ನಕ್ಷೆ ಬಂದಿತ್ತು. ಬಂದರು ಕಚೇರಿಯ ಮಹಡಿಯಲ್ಲಿ ಎರಡು ಮೇಜು ಜೋಡಿಸಿ ಹಾಸಿದ್ದರು. ನೀಲಿ ಹಡಗಿನ ದಾರಿ, ಹಸಿರು ಮೀನು ಮೊಟ್ಟೆಯಿಡುವ ಜಾಗ, ಹಳದಿ ಕರೆಂಟಿನ ಗಾಳಿಯಂತ್ರ ನೆಡುವ ಜಾಗ. ನಮ್ಮ ಪಾಲಿಗೆ ನಾವೇ ತೋರಿಸಿದ ಕೆಸರು. ಏಡಿಯೂ ಅಲ್ಲಿ ಸಂಸಾರ ಹೂಡದು. ಗುಮ್ಮನ ಬಂಡೆ ಹಳದಿಯೊಳಗಿತ್ತು; ಅದು ಆಗ ಗೊತ್ತಿದ್ದದ್ದು ಅವನಿಗೂ ಮಗಳಿಗೂ ಮಾತ್ರ. ಆಕ್ಷೇಪಣೆಗೆ ಐದು ಗಂಟೆಯ ಗಡುವು. ಆಗಲೇ ನಾಲ್ಕೂವರೆ.

"ಕರೆಂಟೂ ಬೇಕು, ಹಡಗೂ ಬರ್ಬೇಕು, ನೀವೂ ಬದುಕ್ಬೇಕು," ಎಂದರು ನಕ್ಷೆ ತಂದಿದ್ದ ಸರ್ಕಾರದ ಮೇಡಂ. "ಗೆರೆ ಸರಿಸ್ತೀನಿ. ಎಲ್ಲಿ, ಯಾಕೆ ಅಂತ ಹೇಳ್ಬೇಕಲ್ಲ? ಇಲ್ಲಿ ಏನೂ ಇಲ್ಲ ಅಂದಿದ್ದು ನೀವೇ."

ಇಪ್ಪತ್ತು ವರ್ಷ ಗುಮ್ಮನ ಬೆನ್ನು ಹತ್ತಿ ಸೋತಿದ್ದ ಅವನ ಭಾವ, ಅಕ್ಕನ ಗಂಡ, ಕುರ್ಚಿಯನ್ನು ಮೇಜಿಗೆ ಎಳೆದುಕೊಂಡ.

"ಹೇಳಪ್ಪ," ಮಗಳು ಪಿಸುಗುಟ್ಟಿದಳು.

"ನಿನ್ನ ಮಾವ ಬಾಯಿ ಬಿಟ್ಕೊಂಡು ಕೂತಿರೋದು ಕಾಣಲ್ವಾ?"

"ಮಾವ ಬಂದ್ರೆ ಪಾಲು ಹೋಗುತ್ತೆ. ಕಂಬ ನೆಟ್ರೆ ಬಂಡೇನೇ ಹೋಗುತ್ತೆ."

"ನಾನೇನು ಕಿವುಡ ಅಲ್ಲ ಕಣೇ," ಭಾವ ಗುರುಗುಟ್ಟಿದ. "ಲೋ ಗುಮ್ಮ, ಸತ್ತಾಗ ಆ ಬಂಡೇನ ನಿನ್ನ ಗುಂಡಿಗೇ ಹಾಕಿಸ್ಕೋತೀಯಾ?"

ಗುಮ್ಮ ಎದ್ದ. ಹಳದಿಯ ಮೇಲೆ ಬೆರಳಿಟ್ಟ.

"ದೋಣಿಯಿಂದ ನೋಡಿದ್ರೆ ದೀಪದ ಗೋಪುರದ ಹಿಂದೆ ನೀರಿನ ಟ್ಯಾಂಕು ಮರೆ ಆಗ್ಬೇಕು. ಆ ಕಡೆ ಗುಡ್ಡದ ಸೀಳಲ್ಲಿ ಕಾರ್ಖಾನೆ ಚಿಮಣಿ ನಿಲ್ಬೇಕು. ಎರಡೂ ಕೂಡೋ ಕಡೆ, ಹದಿನೆಂಟು ಮಾರು ಆಳ."

ಮೇಡಂ ಆ ಗುರುತುಗಳಿಗೆ ಅಡಿಪಟ್ಟಿ ಇಟ್ಟು ಎರಡು ಗೆರೆ ಎಳೆದರು. ಎರಡೂ ಅವನ ಉಗುರಿನ ಪಕ್ಕದಲ್ಲೇ ಕೂಡಿದವು. ಭಾವ ತುಟಿ ಆಡಿಸುತ್ತ ಅದನ್ನು ಬಾಯಿಪಾಠ ಮಾಡುತ್ತಿದ್ದ.

ಒಬ್ಬ ಬಾಯಿ ಬಿಟ್ಟದ್ದೇ ತಡ, ಉಳಿದವರೂ ತಮ್ಮ ನಿಜವಾದ ಜಾಗ ತೋರಿಸಲು ಮೇಜಿಗೆ ಮುಗಿಬಿದ್ದರು. ಕೊನೆಗೆ ಭಾವನೂ ಗೊಣಗುತ್ತ ತನ್ನದೊಂದು ಜಾಗ ತೋರಿಸಿದ. ಆಕ್ಷೇಪಣೆಯ ಅರ್ಜಿಗೆ ಸೀಲು ಬಿದ್ದಾಗ ಐದಕ್ಕೆ ಎರಡು ನಿಮಿಷವಿತ್ತು.

ಮೂರು ತಿಂಗಳ ಮೇಲೆ ಅಂತಿಮ ನಕ್ಷೆ ಬಂತು. ಹಳದಿ ಗೆರೆ ಬಂಡೆಯನ್ನು ಬಿಟ್ಟು ಬಾಗಿತ್ತು. ಭಾವನ ಜಾಗ ಹಡಗಿನ ದಾರಿಗೆ ಹೋಗಿತ್ತು.

ಮರುದಿನ ಗುಮ್ಮ ಬಂಡೆ ತಲುಪುವಷ್ಟರಲ್ಲಿ ಅಲ್ಲಿ ಆರು ದೋಣಿ ಲಂಗರು ಹಾಕಿದ್ದವು.

"ಬಾರೋ, ನಿನಗೂ ಒಂಚೂರು ಜಾಗ ಬಿಟ್ಟಿದ್ದೀವಿ!" ಭಾವ ಕೂಗಿದ.

ಗುಮ್ಮ ತನ್ನ ಅಕ್ಕನೊಬ್ಬಳನ್ನು ಬಿಟ್ಟು ಭಾವನ ಇಡೀ ವಂಶವನ್ನು ಬೈದು ಜಾಲಾಡಿದ. ಆಮೇಲೆ ಲಂಗರು ಇಳಿಸಲು ಮಗಳಿಗೆ ಹೇಳಿದ.