ಅಪ್ಪನ ಹೆಸರಿಗೆ ಬಂದ ಕಾಗದಗಳು

ಇಂಗ್ಲೆಂಡಿಗೆ ಬಂದ ಮೊದಲ ವಾರ, ಬಸ್ ನಿಲ್ದಾಣದಲ್ಲಿ ಪಕ್ಕದ ಮನೆಯಾಕೆ ಗಂಡನ ಕಾಲರ್ ಸರಿಮಾಡಿ, ಹತ್ತು ಜನರೆದುರು ಅವನ ತುಟಿಗೆ ಮುತ್ತು ಕೊಟ್ಟಳು. ನಾನು ತಟ್ಟನೆ ತಲೆ ತಗ್ಗಿಸಿ ನನ್ನ ಹೊಸ ಬೂಟಿನ ದಾರ ನೋಡುತ್ತ ನಿಂತೆ. ಬೇರೆ ಯಾರೂ ಅತ್ತ ತಿರುಗಿಯೂ ನೋಡಲಿಲ್ಲ. ನನಗೆ ನಾಚಿಕೆಗಿಂತ ಸಿಟ್ಟೇ ಹೆಚ್ಚು ಬಂತು. ಮದರಾಸಿನ ವೀಸಾ ಕಚೇರಿಯ ಸಾಹೇಬರು ನನ್ನಲ್ಲಿ ಹುಡುಕಿ ಸಿಗದೆ ಹೋದದ್ದು ಇದೇ ಅಲ್ಲವೇ?

ಮುಳಬಾಗಿಲ ಹತ್ತಿರದ ನಮ್ಮೂರಿನಲ್ಲಿ ಮದುವೆಯಾದ ಎರಡೇ ತಿಂಗಳಿಗೆ ನಮ್ಮ ಯಜಮಾನರು ಇಲ್ಲಿನ ಕಾರ್ಖಾನೆ ಕೆಲಸಕ್ಕೆ ಮರಳಿದರು; ನಾನು ತವರಿನಲ್ಲೇ ಉಳಿದೆ. ಅವರು ನನ್ನ ಸೋದರತ್ತೆಯ ಮಗ. ತಿಂಗಳಿಗೆರಡು ನೀಲಿ ಕಾಗದ ಬರುತ್ತಿದ್ದವು, ಅಪ್ಪನ ಹೆಸರಿಗೆ. ಹಿರಿಯರಿರುವ ಮನೆಗೆ ಹೆಂಡತಿಯ ಹೆಸರಿನಲ್ಲಿ ಕಾಗದ ಹಾಕುವುದು ನಮ್ಮಲ್ಲಿ ಮರ್ಯಾದೆಯಲ್ಲ. ಅಪ್ಪ ನಡುಮನೆಯಲ್ಲಿ ಗಟ್ಟಿಯಾಗಿ ಓದುವರು; ನಾನು ಅಡುಗೆಮನೆಯ ಬಾಗಿಲಲ್ಲಿ ಅವರೆಕಾಯಿ ಸುಲಿಯುತ್ತ ಕೇಳುವೆನು. ಕೊನೆಯ ಸಾಲು ಯಾವಾಗಲೂ ಒಂದೇ: ‘ಬಾವಿ ಪಕ್ಕದ ಮಲ್ಲಿಗೆ ಬಳ್ಳಿ ಹೇಗಿದೆ? ತಪ್ಪದೆ ತಿಳಿಸುವುದು.’

“ಅಲ್ಲಿ ಕೂತ್ಕೊಂಡು ಇವನಿಗೇನಮ್ಮ ಮಲ್ಲಿಗೆ ಚಿಂತೆ?” ಎಂದರು ಅಪ್ಪ ಒಮ್ಮೆ.

“ಚೆನ್ನಾಗಿದೆ ಅಂತ ಬರ್ದಾಕೋ ಪೆದ್ದ,” ಎಂದರು ಅಜ್ಜಿ. “ಬಳ್ಳಿ ಅಗೋ, ಬಾಗಿಲಲ್ಲಿ ಅವರೆಕಾಯಿ ಸುಲೀತಾ ಕೂತಿದೆ!”

ನನಗೂ ವೀಸಾ ಬೇಕೆಂದು ಅರ್ಜಿ ಹಾಕಿದಾಗ, ಮದುವೆಗೆ ಸಾಕ್ಷಿಯಾಗಿ ಆ ಕಾಗದಗಳನ್ನೆಲ್ಲ ಕಟ್ಟಿಕೊಂಡು ಅಪ್ಪನ ಜೊತೆ ಮದರಾಸಿಗೆ ಹೋದೆ. ಹೊಸೂರು ಕಡೆಯ ದುಭಾಷಿಯೊಬ್ಬರು ಅವನ್ನು ಒಂದೊಂದಾಗಿ ಇಂಗ್ಲಿಷಿನಲ್ಲಿ ಓದಿ ಹೇಳಿದರು.

“ಇಷ್ಟರಲ್ಲಿ ಎಲ್ಲೂ ನಿನ್ನ ಹೆಸರಿಲ್ಲ,” ಎಂದರು ಸಾಹೇಬರು. “ಮಳೆ, ಹಸು, ಒಂದು ಗಿಡ. ಇವನು ನಿನ್ನ ಗಂಡನೋ, ನಿನ್ನ ತಂದೆಯ ಸ್ನೇಹಿತನೋ?”

“ಆ ಗಿಡ ನಾನೇ, ಸರ್,” ಎಂದೆ, ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ ಮೆಲುದನಿಯ ಇಂಗ್ಲಿಷಿನಲ್ಲಿ.

ಅವರು ನಗಲಿಲ್ಲ, ಏನೋ ಬರೆದುಕೊಂಡರು. ದುಭಾಷಿ ಮೇಜನ್ನೇ ನೋಡುತ್ತಿದ್ದರು. ನಮ್ಮ ಕಡೆಯ ಈ ರೀತಿ ಅವರಿಗೆ ಗೊತ್ತಿತ್ತು, ಆದರೆ ಯಾರೂ ಅವರನ್ನು ಕೇಳಲಿಲ್ಲ.

ನಿಮ್ಮದು ಜೆನ್ಯುಯಿನ್ ಮದುವೆಯೆಂದು ಮನವರಿಕೆಯಾಗಿಲ್ಲ, ಎಂದು ಉತ್ತರ ಬಂತು. ಜೆನ್ಯುಯಿನ್ ಎಂದರೆ ಅಸಲಿ. ಅಲ್ಲಿಯವರೆಗೆ ಆ ಪದವನ್ನು ನಾನು ತಲೆಗೆಣ್ಣೆ ಬಾಟಲಿನ ಮೇಲೆ ಮಾತ್ರ ಓದಿದ್ದೆ.

ಅಪ್ಪ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. “ಕಾಗದ ನನ್ನ ಹೆಸರಿಗೆ ತರಿಸ್ಕೊಂಡು ನಾನೇ ನಿನ್ನ ಬಾಳಿಗೆ ಅಡ್ಡ ಬಂದ್ನೇನಮ್ಮ?” ಎಂದರು. ಸಾಹೇಬರ ಉಳಿದೆಲ್ಲ ಮಾತನ್ನು ಕ್ಷಮಿಸಿಯೇನು. ಅಪ್ಪನ ಬಾಯಲ್ಲಿ ಈ ಮಾತು ಬರಿಸಿದ್ದನ್ನು ಮಾತ್ರ ಇವತ್ತಿಗೂ ಕ್ಷಮಿಸಿಲ್ಲ.

ಮೇಲ್ಮನವಿ ಹಾಕಿದೆವು. ಇಲ್ಲಿನ ವಕೀಲರು ಯಜಮಾನರಿಗೆ ಹೇಳಿಕೊಟ್ಟರಂತೆ: ವಾರಕ್ಕೊಂದು ಕಾಗದ, ಹೆಂಡತಿಯ ಹೆಸರಿಗೇ, ಇಂಗ್ಲಿಷಿನಲ್ಲೇ. ಬರತೊಡಗಿದವು. ‘ಮೈ ಡಾರ್ಲಿಂಗ್, ನೀನಿಲ್ಲದೆ ಬದುಕಲಾರೆ.’ ಪೋಸ್ಟಿನವರು ಅದನ್ನು ನನ್ನ ಕೈಗೆ ಕೊಡುವಾಗ ಅಪ್ಪ ಎದ್ದು ಹಿತ್ತಲಿಗೆ ಹೋಗುತ್ತಿದ್ದರು. ಅವು ನನಗೆ ಬರೆದವಲ್ಲ, ಸಾಹೇಬರಿಗೆ ಬರೆದವು. ಒಂದೂವರೆ ವರ್ಷದ ಮೇಲೆ ಗೆದ್ದದ್ದೂ ಅವೇ. ನಿಜವಾದ ಕಾಗದಗಳು ಸುಳ್ಳಾದವು, ಹೇಳಿ ಬರೆಸಿದವು ಅಸಲಿಯಾದವು!

ಇಲ್ಲಿ ಬ್ರೆಡ್ ಅಂಗಡಿಯಾಕೆ ನನ್ನನ್ನು ‘ಲವ್’ ಎಂದು ಕರೆಯುತ್ತಾಳೆ, ನಮ್ಮ ಕಡೆ ಸೊಪ್ಪಿನವಳು ‘ಅಮ್ಮಯ್ಯ’ ಎಂದ ಹಾಗೆ. ಒಳ್ಳೆಯ ಹೆಂಗಸು, ನನಗೆ ಚಿಲ್ಲರೆ ಗುರುತಿಸುವುದು ಕಲಿಸಿದವಳು ಅವಳೇ. ಆದರೆ ಬ್ರೆಡ್ಡಿನ ಜೊತೆಗೇ ಆ ಪದವನ್ನು ಕೊಡುವ ಊರಿನವರು, ಅದನ್ನು ನಾಲಿಗೆಗೆ ತಾರದೆ ಬಾಳುವ ನಮ್ಮನ್ನು ಪರೀಕ್ಷಿಸಲು ಯಾರು?

ಮೊನ್ನೆ ಭಾನುವಾರ ಯಜಮಾನರು ಅಪ್ಪನಿಗೆ ಕಾಗದ ಬರೆದು ಮಡಿಸುತ್ತಿದ್ದರು.

“ಬಳ್ಳಿ ವಿಚಾರ ಕೇಳ್ಲಿಲ್ವಾ?” ಎಂದೆ.

“ಬಳ್ಳಿ ಇಲ್ಲೇ ಇದೆಯಲ್ಲೇ, ಇನ್ನೇನು ಕೇಳೋದು?” ಎಂದು ನಕ್ಕರು.

ನಾನು ಕಾಗದವನ್ನು ಅವರ ಕೈಯಿಂದ ತೆಗೆದುಕೊಂಡು, ಮತ್ತೆ ಬಿಡಿಸಿ, ಕೊನೆಯಲ್ಲಿ ನನ್ನ ಕೈಬರಹದಲ್ಲಿ ಬರೆದೆ: ‘ಬಾವಿ ಪಕ್ಕದ ಮಲ್ಲಿಗೆ ಬಳ್ಳಿ ಹೇಗಿದೆ? ತಪ್ಪದೆ ತಿಳಿಸುವುದು.’