ಶಂಶಾಬಾದಿನ ಕಳಸವೂ ವಿಮಾನಗಳ ದಾರಿಯೂ

ಮಾಘದ ಚಳಿ ಇನ್ನೂ ಇಳಿದಿರಲಿಲ್ಲ. ಬೆಳಗಿನ ಶಿವಪೂಜೆ ಮುಗಿಸಿ ಗುಲ್ಬರ್ಗಾದಲ್ಲಿ ಪ್ಯಾಸೆಂಜರ್ ಗಾಡಿ ಹತ್ತಿದೆ. ಶಂಶಾಬಾದಿನಲ್ಲಿ ನಮ್ಮ ಕಡೆಯ ಕುಟುಂಬಗಳು ಕಟ್ಟಿಸಿದ ಶಿವಾಲಯಕ್ಕೆ ಕಳಸಾರೋಹಣ ಮಾಡಿಸಿಕೊಡಬೇಕೆಂದು ಹಿರಿಯರಾದ ಗಂಗಮ್ಮನವರು ಹೇಳಿಕಳಿಸಿದ್ದರು. ತಾಂಡೂರಿನ ತನಕ ಕಲ್ಲುಗಣಿಗಳ ಬಿಳಿ ಧೂಳು. ವಿಕಾರಾಬಾದಿನಲ್ಲಿ ಪೇರಲಹಣ್ಣು ಕೊಂಡು ತಿಂದೆ.

ನಾಂಪಲ್ಲಿ ನಿಲ್ದಾಣಕ್ಕೆ ಸೋದರಳಿಯ ಮಲ್ಲಿಕಾರ್ಜುನ ಬಂದಿದ್ದ. ಶಂಶಾಬಾದಿನ ವಿಮಾನ ನಿಲ್ದಾಣದಲ್ಲಿ ವಿಮಾನಗಳು ಏರುವ, ಇಳಿಯುವ ದಾರಿಗಳನ್ನು ರೂಪಿಸುವುದು ಅವನ ಉದ್ಯೋಗ. ಮಂಜು ಕವಿದಾಗ ಪೈಲಟನಿಗೆ ನೆಲ ಕಾಣದು. ಎಲ್ಲಿ ಎಷ್ಟು ಎತ್ತರದಲ್ಲಿರಬೇಕೆಂಬ ನಕಾಶೆ ಮತ್ತು ಉಪಕರಣಗಳನ್ನೇ ನಂಬಿ ಇಳಿಯಬೇಕು. ದಾರಿಯಲ್ಲಿ ಕಂಬವೋ ಕಟ್ಟಡವೋ ಹೊಸದಾಗಿ ಎದ್ದರೆ ನಕಾಶೆ ತಿದ್ದಬೇಕು. ಹಾಗೆ ತಿದ್ದಲು ಅಳತೆ ನೋಡಹೋದಾಗಲೇ ಅವನು ಶಿವಾಲಯದಲ್ಲಿ ಪೂಜೆಗಿಟ್ಟ ಕಳಸವನ್ನು ಕಂಡಿದ್ದ. ಒಂದರ ಮೇಲೊಂದು ಕೂರುವ ಐದು ತಾಮ್ರದ ಕುಂಭಗಳು, ಆಳೆತ್ತರ. ಗುಡಿಯವರು ಕೊಟ್ಟ ಅಳತೆಯಲ್ಲಿ ಅದು ಸೇರಿರಲಿಲ್ಲ.

ನಾವು ಶಂಶಾಬಾದ್ ತಲುಪಿದಾಗ ಗಂಗಮ್ಮನವರು ಗುಡಿಯ ಜಗಲಿಯಲ್ಲಿ ಹೂ ಕಟ್ಟುತ್ತಿದ್ದರು.

"ಗುಡಿ ಎಷ್ಟೆತ್ತರ ಅಂತ ಕೇಳಿದ್ರಿ, ಹೇಳಿದ್ವಿ. ಏರಿಸೋ ಮೊದಲ ಕಳಸಾನ ಯಾರು ಲೆಕ್ಕ ಹಿಡೀತಾರ?"

ಅವರ ಮಾತು ಸಂಪ್ರದಾಯಕ್ಕೆ ಸರಿಯಾಗಿಯೇ ಇತ್ತು. ಆರೋಹಣವಾಗುವವರೆಗೆ ಕಳಸ ನಮಗೆ ಮನೆಗೆ ಬಂದ ದೇವರು, ಕಟ್ಟಡದ ಭಾಗವಲ್ಲ.

"ನಿಮ್ಮ ವಿಮಾನಕ್ಕ ನಮ್ಮ ಸ್ವಾಮಿ ನೆತ್ತಿ ಮ್ಯಾಲಿನ ದಾರೀನ ಬೇಕೇನಪಾ?" ಎಂದು ಅವರು ಕೆಣಕಿದರು.

"ಐದೂ ಏರಸ್ರಿ ಅಮ್ಮಾರ. ಇಳಿಯೋ ಎತ್ತರದ ಮಿತಿ ಏರಿಸಿ ಬರೀತೀನಿ, ಅಷ್ಟು ಎತ್ತರದಾಗ ನೆಲ ಕಾಣ್ಲಿಲ್ಲಂದ್ರ ಇನ್ನೂ ಕೆಳಗ ಇಳಿಯೋ ಹಂಗಿಲ್ಲ. ಆದರ ಮಂಜಿನಾಗ ಈಗ ಇಳಿಯೋ ವಿಮಾನ ಎಷ್ಟೋ ತಿರುಗಿ ಬ್ಯಾರೆ ಊರಿಗೆ ಹೋಗಬೇಕಾಕ್ಕೈತಿ."

"ಅದರಾಗ ಬಾಣಂತ್ಯಾರು, ಜಡ್ಡಿನವರು ಇರ್ತಾರೇನು?"

"ಇರ್ತಾರ್ರಿ."

ಮೂರು ಕುಂಭಗಳಾದರೆ ಹಳೆಯ ಮಿತಿಯೇ ಸಾಕಾಗುತ್ತದೆಂದು ಅವನು ತಿಳಿಸಿದ. ಶಾಸ್ತ್ರ ಒಪ್ಪುವುದೇ ಎಂದು ಗಂಗಮ್ಮನವರು ನನ್ನನ್ನು ಕೇಳಿದರು. ಬೆಸಸಂಖ್ಯೆಯಾದರೆ ದೋಷವಿಲ್ಲವೆಂದೆ. ಆದರೂ ಅವರು ಕಟ್ಟುತ್ತಿದ್ದ ಹೂಮಾಲೆಯನ್ನು ಕೆಳಗಿಟ್ಟರು. ತಮ್ಮ ಐವರು ಮಕ್ಕಳ ಹೆಸರಿನಲ್ಲಿ, ತವರಿನ ಹಂಡೆಗಳನ್ನು ಕರಗಿಸಿ ಮಾಡಿಸಿದ ಐದು ಕುಂಭಗಳವು.

"ಕೆಳಗಿನವೆರಡು ದೊಡ್ಡವರಿಬ್ಬರದು," ಎಂದರು ಕೊನೆಗೆ. "ಅವನ್ನ ತಗೀರಿ. ಸಣ್ಣವರದು ತಗದರ ಜಗಳಾ ತಗೀತಾರ. ದೊಡ್ಡವರಿಗೆ ಹೇಳಿದರ ತಿಳೀತೈತಿ."

ಸಂಜೆ ಕಂಚುಗಾರರು ಕುಂಭಗಳನ್ನು ಮರುಜೋಡಿಸಿದರು. ಮಲ್ಲಿಕಾರ್ಜುನ ಅಳೆದು, ಹೊಸ ಎತ್ತರವನ್ನು ಗುರುತುಹಾಕಿಕೊಂಡ. ನಕಾಶೆಯಲ್ಲಿ ಸ್ವಾಮಿಯ ಹೆಸರೂ ಬರುವುದೇ ಎಂದು ನಾನು ಕುತೂಹಲದಿಂದ ಕೇಳಿದೆ. ಎತ್ತರ ಮಾತ್ರ ಎಂದು ನಕ್ಕ.

ಮರುದಿನ ಮುಹೂರ್ತದ ಹೊತ್ತಿಗೆ ಮಂಜು ಶಿಖರವನ್ನೇ ಮುಚ್ಚಿತ್ತು. ಮಂತ್ರಘೋಷದೊಡನೆ ಕಳಸ ಮೇಲೇರಿ ಕುಳಿತ ಗಳಿಗೆಯಲ್ಲಿ ಆಕಾಶದಲ್ಲಿ ಮೊರೆತ ಕೇಳಿಸಿತು. ಏನೂ ಕಾಣದು. ಅಕ್ಷತೆ ಹಿಡಿದ ಗಂಗಮ್ಮನವರ ಕೈ ಹಾಗೆಯೇ ನಿಂತಿತು. ಸದ್ದು ತಗ್ಗಿ ಬಂತು, ದಾಟಿಹೋಯಿತು, ದೂರದಲ್ಲಿ ಒಮ್ಮೆ ಗರ್ಜಿಸಿ ಅಡಗಿತು.

"ಇಳೀತೇನಪಾ?"

"ಇಳೀತ್ರಿ."

ಆಮೇಲೆ ಅಕ್ಷತೆ ಹಾಕಿದರು.

ಮಧ್ಯಾಹ್ನ ಪ್ರಸಾದ ಸ್ವೀಕರಿಸಿ ಹೊರಟವನು ಒಮ್ಮೆ ಹಿಂತಿರುಗಿ ನೋಡಿದೆ. ಮಂಜು ಕರಗಿತ್ತು. ಗಂಗಮ್ಮನವರು ಮೇಲೆ ನೋಡುತ್ತಿರಲಿಲ್ಲ. ಗುಡಿಯ ಬಾಗಿಲಲ್ಲಿ ಕುಳಿತು, ಉಳಿದ ಎರಡು ಕುಂಭಗಳನ್ನು ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದರು.